ಲಾಲಬಿ ತೊಡಿಸಿದ ಬಳೆ

ತಾಯವ್ವ ಗುಂಡುಕಲ್ಲು ಕೈಗೆತ್ತಿಕೊಂಡು ತಮ್ಮನ ಹೆಂಡತಿ ಮಹೇಶ್ವರಿಯ ಮಣಿಕಟ್ಟು ಹಿಡಿದೇಬಿಟ್ಟಿದ್ದಳು.

"ಕೈ ಮುಂದ ಮಾಡವಾ. ಹೆಣ ಏಳೂದ್ರಾಗ ಬಳಿ ಒಡದು ಮುಗಸೂಣು."

ಮಹೇಶ್ವರಿ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ ಯಕ್ಕಾ. ಒಡೀಬ್ಯಾಡ ಅಂತ ಅವರು ಹೇಳ್ಯಾರ."

ಗುಡೂರಿನ ಆ ಅಂಗಳದಲ್ಲಿ ಅಳು ಅರ್ಧಕ್ಕೇ ನಿಂತಿತು. ಗೋಡೆಗೆ ಒರಗಿಸಿ ಕೂರಿಸಿದ್ದ ಅವಳ ಗಂಡ ಸೋಮಲಿಂಗನ ಹೆಣ ಮಾತ್ರ, ತಲೆಗೆ ಪಟಕ ಸುತ್ತಿಸಿಕೊಂಡು, ಬಸ್ಸಿನ ಕಂಡಕ್ಟರನಾಗಿದ್ದ ಕಾಲದ ಗತ್ತನ್ನು ಬಿಟ್ಟಿರಲಿಲ್ಲ. ಪುಣ್ಯವಂತ; ಹಿಂದಿನ ದಿನ ಮುಳಗಾಯಿ ಪಲ್ಯದ ಜೊತೆ ಹೊಟ್ಟೆತುಂಬ ರೊಟ್ಟಿ ಉಂಡು ಮಲಗಿದವನು ನಿದ್ದೆಯಲ್ಲೇ ಹೋಗಿದ್ದ.

"ಸತ್ತಾವ್ನ ಮಾತಿಗೆ ದೇವ್ರ ಪದ್ಧತಿ ಬಿಡಾಕ ಬರ್ತೈತೇನು? ಮುತ್ತಪ್ಪಣ್ಣಾ, ನೀನರ ಹೇಳೋ."

ಎಲ್ಲರೂ ಮುತ್ತಪ್ಪನ ಕಡೆ ತಿರುಗಿದರು. ಅವನು ಮನೆಗೆ ಹಿರಿಯ. ಟಗರು ಮಾರುವುದಿರಲಿ, ಹೆಣ್ಣು ಗೊತ್ತುಮಾಡುವುದಿರಲಿ, ಅವನು ಕೆಮ್ಮಿ ಗಂಟಲು ಸರಿಮಾಡಿಕೊಳ್ಳದೆ ಆ ಮನೆಯಲ್ಲಿ ಏನೂ ಕದಲುತ್ತಿರಲಿಲ್ಲ. ಅವನನ್ನು ಕೇಳದೆ ಕದಲಿದವನು ತಮ್ಮ ಸೋಮಲಿಂಗನೊಬ್ಬನೇ.

*

ಇಳಕಲ್ಲಿನ ನೇಕಾರರ ಮನೆಯ ಮಹೇಶ್ವರಿಯನ್ನು ಸೋಮಲಿಂಗ ಹುನಗುಂದದ ನೋಂದಣಿ ಕಚೇರಿಗೆ ಕರೆದೊಯ್ದಿದ್ದ; ಇಬ್ಬರೂ ಸಹಿ ಹಾಕಿ ಗಂಡಹೆಂಡಿರಾಗಿದ್ದರು. ತಾಳಿಯಿಲ್ಲ, ಅಕ್ಕಿಕಾಳಿಲ್ಲ. ಹೊರಗೆ ಬಂದಾಗ ಬಳೆಗಾರ್ತಿ ಲಾಲಬಿ ಅವಳ ಬರಿಗೈ ನೋಡಲಾರದೆ ಬುಟ್ಟಿ ಇಳಿಸಿ ಹಸಿರು ಬಳೆ ತೊಡಿಸಿದ್ದಳು.

"ಈಗ ನೋಡು, ಮದುಮಗಳ ಕಳಿ ಬಂತು," ಎಂದು ನಕ್ಕಿದ್ದ ಸೋಮಲಿಂಗ. ಒಂದು ಬಳೆ ಒಡೆದರೂ ಮರುದಿನವೇ ಹೊಸದು ತರುತ್ತಿದ್ದ; "ನಾ ಸತ್ತರೂ ಇವನ್ನ ಒಡೀಬ್ಯಾಡ" ಎನ್ನುತ್ತಿದ್ದ.

ಮುತ್ತಪ್ಪ ಮಾತ್ರ ಅಂದೇ ಕಡ್ಡಿ ಮುರಿದಂತೆ ಹೇಳಿದ್ದ: "ಮನಿದೇವ್ರು ಬೀರಪ್ಪನ ಮುಂದ ಅಕ್ಕಿಕಾಳು ಬೀಳಲಿಲ್ಲ, ಹಿರೇರು ಹೂಂ ಅನಲಿಲ್ಲ. ಸಹಿ ಹಾಕಿದ್ರ ಮದವಿ ಆಗೂದಿಲ್ಲ."

ಆಮೇಲೆ ಅವಳ ಕೈಯ ರೊಟ್ಟಿ ಉಂಡ, ಅವಳ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಕುರಿಹಟ್ಟಿ ತೋರಿಸಿದ. ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೊದಮೊದಲು ಮಹೇಶ್ವರಿ ಸೆರಗು ಕಚ್ಚಿ ಅತ್ತಿದ್ದುಂಟು. ಬರಬರುತ್ತ ನಗುತ್ತಿದ್ದಳು: "ಭಾವಾರ ಲೆಕ್ಕದಾಗ ನಾ ಇನ್ನೂ ಲಗ್ನಾಗದ ಹುಡಿಗಿ."

*

ಮುತ್ತಪ್ಪ ಆ ಬಳೆಗಳನ್ನು ನೋಡಿದ. ತಮ್ಮನ ಮುಖ ನೋಡಿದ. ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ತಾಯವ್ವಾ, ಕಲ್ಲು ಕೆಳಗಿಡು."

"ಯಾಕೋ ಅಣ್ಣಾ?"

"ಇವರದು ಮದವಿ ಅಲ್ಲಂತ ನಾ ಅವತ್ತೂ ಅಂದೇನಿ, ಇವತ್ತೂ ಅಂತೇನಿ. ಬೀರಪ್ಪನ ಮುಂದ ತೊಡಸದ ಬಳಿ, ಬೀರಪ್ಪನ ಹೆಸರ್ಲೆ ಒಡ್ಯಾಕ ನೀ ಯಾರು?"

ತಾಯವ್ವ ಕಲ್ಲನ್ನು ಮೂಲೆಗಿಟ್ಟು ಕೈ ಒರೆಸಿಕೊಂಡಳು. ಮಹೇಶ್ವರಿ ತಲೆಯೆತ್ತಿದಳು. ಭಾವನ ಬಿಳಿ ಮೀಸೆ ಅದುರುತ್ತಿತ್ತು. ನಲವತ್ತು ವರ್ಷ ಕೇಳಿ ಹಳಸಿದ್ದ ಮಾತು. ಇವತ್ತು ಅದನ್ನು ಕೇಳಿ ಅವಳಿಗೆ ಅಳು ಒತ್ತರಿಸಿ ಬಂತು, ಎದೆ ಹಗುರಾಯಿತು.

ಹೊಲದ ಬದುವಿನಲ್ಲಿ ಕುಣಿ ತೋಡಿದ್ದರು. ಸೋಮಲಿಂಗನನ್ನು ಇಳಿಸಿದ ಮೇಲೆ ಗಂಡಸರು ಮಣ್ಣಿಗೆ ಬಗ್ಗಿದರು.

"ತಡೀರ್ಲೇ," ಎಂದ ಮುತ್ತಪ್ಪ. "ಮೊದಲ ಮಣ್ಣು ಹೆಂತಿ ಹಾಕ್ಲಿ."

ಆ ಪದ ಅವನ ಬಾಯಿಂದ ಬಂದದ್ದು ಅದೇ ಮೊದಲು. ಜನ ಸರಿದು ದಾರಿ ಬಿಟ್ಟರು. ಮಹೇಶ್ವರಿ ಮುಂದೆ ಬಂದು, ಕಪ್ಪು ಎರೆಮಣ್ಣು ಹಿಡಿತುಂಬ ತೆಗೆದುಕೊಂಡು, ಕುಣಿಯ ಮೇಲೆ ಕೈ ಚಾಚಿದಳು. ಹಸಿರು ಬಳೆಗಳೆಲ್ಲ ಘಲ್ಲೆಂದು ಮಣಿಕಟ್ಟಿಗೆ ಜಾರಿದವು.