ಹತ್ತು ಕಿಲೋಮೀಟರ್

ಬಲಗಾಲಿನ ಮೊಣಕಾಲ ಕೆಳಗಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ ಎಂದು ಡಾಕ್ಟರು ಹೇಳಿದಾಗ ಮ್ಯಾರಥಾನಿಗೆ ಇನ್ನು ಹತ್ತು ವಾರವಿತ್ತು. ಚಿಗುಸಾ, ಶಿಮಾ ಎಂಬ ಊರಿನ ಕಡಲಂಚಿನ ಶಾಲೆಯೊಂದರಲ್ಲಿ ಮುನ್ನೂರು ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುವ ಹೆಂಗಸು. ನಲವತ್ತಾರನೆಯ ವಯಸ್ಸಿನಲ್ಲಿ ಓಟದ ಹುಚ್ಚು ಹತ್ತಿಸಿಕೊಂಡು ಒಂದೂವರೆ ವರ್ಷ ಬಂದರಿನ ರಸ್ತೆ ಸವೆಸಿದ್ದಳು. ನಲವತ್ತೆರಡು ಕಿಲೋಮೀಟರಿಗೆ ಹೆಸರು ಕೊಟ್ಟಿದ್ದು ಇದೇ ಮೊದಲು.

"ಆರು ವಾರ ಓಡೋ ಹಾಗಿಲ್ಲ," ಎಂದರು ಡಾಕ್ಟರು.

"ನಿಧಾನಕ್ಕೆ ಓಡಿದ್ರೆ?"

"ನಿಧಾನಕ್ಕೆ ಮುರಿಯುತ್ತೆ."

ಮನೆಗೆ ಬಂದವಳು ಡಾಕ್ಟರು ಹೇಳಿದ್ದನ್ನು ಒಂದೇ ಮಾತಿನಲ್ಲಿ ತಿಳಿಸಿ ಮೂಲಂಗಿ ಹೆಚ್ಚುತ್ತ ಕೂತಳು. ಹೆಚ್ಚಿದ ರಾಶಿ ಶಾಲೆಗೆಲ್ಲ ಸಾಲುವಷ್ಟಾದಾಗ ಅತ್ತೆ ಇಸೊಯೆ ಬಂದು ಕೈಯಿಂದ ಚಾಕು ತೆಗೆದುಕೊಂಡಳು. ಇಸೊಯೆಗೆ ಎಪ್ಪತ್ತೊಂಬತ್ತು. ಐವತ್ತು ವರ್ಷ ಕಡಲಿನ ತಳಕ್ಕೆ ಮುಳುಗಿ ತಿನ್ನುವ ಚಿಪ್ಪುಮೀನು ಕಿತ್ತು ತಂದು ಮಾರಿ ಮನೆ ನಡೆಸಿದ ಜೀವ.

"ನೆಲದ ಮೇಲೆ ಓಡ್ಬೇಡ ಅಂದ್ರು. ನೀರಲ್ಲಿ ಬೇಡ ಅಂದ್ರಾ?"

"ನೀರಿನ ಮಾತು ನಾನು ಕೇಳ್ಲಿಲ್ಲ ಅತ್ತೆ."

"ಯಾಕೆ ಕೇಳ್ತೀಯಾ, ನಿನ್ಗೆ ನೀರು ಅಂದ್ರೆ ಜೀವ ಹೋಗುತ್ತೆ."

ಅದು ಸುಳ್ಳಲ್ಲ. ಚಿಗುಸಾ ನಾಗಾನೊ ಬೆಟ್ಟದ ಕಡೆಯವಳು. ಮುಳುಗುವ ಹೆಂಗಸರ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾದರೂ ಮಂಡಿಯಿಂದ ಮೇಲಕ್ಕೆ ಸಮುದ್ರ ತಾಗಿಸಿಕೊಂಡವಳಲ್ಲ. ಮರುದಿನ ಇಸೊಯೆಯೇ ಡಾಕ್ಟರಿಗೆ ಫೋನ್ ಮಾಡಿದಳು. ಹತ್ತು ದಿನ ಕಳೆಯಲಿ, ಆಮೇಲೆ ಸೊಂಟಕ್ಕೆ ತೇಲುವ ಪಟ್ಟಿ ಕಟ್ಟಿಕೊಂಡು, ಕಾಲು ತಳಕ್ಕೆ ತಾಗದ ಹಾಗೆ ಆಳದಲ್ಲಿ ಓಡಬಹುದು ಎಂದರಂತೆ ಅವರು.

ಊರಿನ ಈಜುಕೊಳಕ್ಕೆ ಮಧ್ಯಾಹ್ನ ಮೂರಕ್ಕೆ ಬರುವವರೆಲ್ಲ ಇಸೊಯೆಯ ಹಳೆಯ ಜೊತೆಗಾತಿಯರು. ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಡೆಯುತ್ತ ಊರ ಸುದ್ದಿ ಹೇಳುವುದೇ ಅವರ ವ್ಯಾಯಾಮ. ಚಿಗುಸಾ ಏಣಿ ಹಿಡಿದು ಆಳಕ್ಕೆ ಇಳಿದಳು. ಏಣಿ ಮಾತ್ರ ಬಿಡಲಿಲ್ಲ. ಮೊದಲ ದಿನ ಹಾಗೇ ಕಳೆಯಿತು.

ಎರಡನೇ ದಿನ ಬಿಟ್ಟಳು. ಕೈಕಾಲು ಬಡಿದಳು, ನೀರು ಕುಡಿದಳು.

"ಇಸೊಯೆ, ನಿನ್ನ ಸೊಸೆ ಓಡ್ತಿದಾಳೋ, ಕಳ್ದುಹೋದ ಚಪ್ಪಲಿ ಹುಡುಕ್ತಿದಾಳೋ?" ಎಂದು ಕೇಳಿದಳು ತೊಮೆ ಎಂಬ ಮುದುಕಿ.

"ಹುಡುಕ್ಲಿ ಬಿಡೇ. ನಿನ್ನ ಸೊಸೆ ಮನೇಲಿ ಟೀವಿ ಮುಂದೆ ಏನು ಹುಡುಕ್ತಾಳೆ?"

ಎಲ್ಲರೂ ನಕ್ಕರು. ಚಿಗುಸಾಳೂ ನಗಲು ಹೋಗಿ ಮತ್ತೊಂದು ಗುಟುಕು ಕುಡಿದಳು.

ಆಗ ಇಸೊಯೆ ಹತ್ತಿರ ಈಜಿ ಬಂದಳು. "ಉಸಿರು ಹಿಡ್ಕೋತೀಯಲ್ಲ, ಅದೇ ತಪ್ಪು. ಬಿಡು. ತುಟಿ ಸಣ್ಣ ಮಾಡಿ ಉದ್ದಕ್ಕೆ ಬಿಡು. ಒಳಗೆ ಬರೋದು ತಾನೇ ಬರುತ್ತೆ." ಹೇಳಿ, ಮುಳುಗಿ ಎದ್ದವರು ಹಾಕುವ ಆ ಸಣ್ಣ ಸಿಳ್ಳೆಯ ಉಸಿರು ಬಿಟ್ಟು ತೋರಿಸಿದಳು. ಕೊಳದಲ್ಲಿದ್ದ ಏಳೂ ಮುದುಕಿಯರು ತಂತಮ್ಮ ಸಿಳ್ಳೆ ಸೇರಿಸಿದರು. ಮೇಲ್ವಿಚಾರಕ ಏನಾಯಿತೋ ಎಂದು ಓಡಿ ಬಂದ.

ಮೂರನೇ ವಾರಕ್ಕೆ ಚಿಗುಸಾ ನಲವತ್ತು ನಿಮಿಷ ನೀರಿನಲ್ಲಿ ಓಡುತ್ತಿದ್ದಳು. ಇಸೊಯೆ ಮುಂದೆ ಈಜುತ್ತ, "ನನ್ನ ಕಾಲು ಹಿಡಿ ನೋಡೋಣ," ಎಂದು ಕೆಣಕುವಳು. ಒಂದು ಸಲವೂ ಸಿಕ್ಕಲಿಲ್ಲ.

ಆರು ವಾರ ಮುಗಿದಾಗ ನೋವಿರಲಿಲ್ಲ. ಡಾಕ್ಟರು ಒಂಟಿ ಕಾಲಲ್ಲಿ ಕುಪ್ಪಳಿಸಲು ಹೇಳಿ ನೋಡಿ, ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಓಡಬಹುದು, ಪಂದ್ಯದಲ್ಲಿ ಹತ್ತು ಕಿಲೋಮೀಟರು ಸಾಕು, ಅದಕ್ಕಿಂತ ಹೆಚ್ಚು ಬೇಡವೇ ಬೇಡ ಎಂದರು. ಚಿಗುಸಾಗೆ ಸಿಟ್ಟು ಉಕ್ಕಿತು.

"ಉಸಿರು ಹಿಂದಿಗಿಂತ ಚೆನ್ನಾಗಿದೆ. ನಾನು ಪೂರ್ತಿ ಓಡ್ತೀನಿ ಅತ್ತೆ."

ಇಸೊಯೆ ಒಣಮೀನು ಸುಡುತ್ತಿದ್ದಳು. ತಿರುಗಲಿಲ್ಲ. ಚಿಗುಸಾ ಇನ್ನೊಂದು ಸಲ ಜೋರಾಗಿ ಹೇಳಿದಳು.

"ಮೊದಲ್ನೇ ಸಲ ಕೇಳಿಸ್ಲಿಲ್ಲ, ಎಡಗಡೆಯಿಂದ ಹೇಳ್ದೆ ನೀನು," ಎಂದಳು ಇಸೊಯೆ. "ಈ ಕಿವಿ ಹೇಗೆ ಹೋಯ್ತು ಗೊತ್ತಾ? ನೋಯ್ತಿತ್ತು. ಸಾಕು ಅಂದ್ರು ಎಲ್ಲರೂ. ಕೆಳಗೊಂದು ದೊಡ್ಡ ಚಿಪ್ಪು ಕಂಡಿತ್ತು, ಇದೊಂದು ತಂದುಬಿಡ್ತೀನಿ ಅಂತ ಹೋದೆ. ತಂದೆ. ಒಳ್ಳೇ ಚಿಪ್ಪೇ ಅದು. ಆವತ್ತೇ ತಿಂದ್ಬಿಟ್ವಿ."

ಚಿಗುಸಾ ಸುಟ್ಟ ಮೀನನ್ನು ತಟ್ಟೆಗೆ ತೆಗೆದಿಟ್ಟಳು. ಆಮೇಲೆ ಫೋನ್ ತೆಗೆದು ಹತ್ತು ಕಿಲೋಮೀಟರಿನ ಓಟಕ್ಕೆ ಹೆಸರು ಬದಲಾಯಿಸಿದಳು.

ಪಂದ್ಯದ ದಿನ ಕಡಲಿನಿಂದ ಕೊರೆಯುವ ಗಾಳಿ. ಏರು ಬಂದಾಗಲೆಲ್ಲ ಚಿಗುಸಾ ತುಟಿ ಸಣ್ಣ ಮಾಡಿ ಆ ಸಿಳ್ಳೆಯ ಉಸಿರು ಬಿಟ್ಟಳು. ಪಕ್ಕದಲ್ಲಿ ಓಡುತ್ತಿದ್ದ ಯುವಕ ತನ್ನನ್ನೇ ಕರೆದರೆಂದು ಎರಡು ಸಲ ತಿರುಗಿ ನೋಡಿದ. ಒಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ಗೆರೆ ದಾಟಿದಳು. ಅವಳಿಗಿಂತ ಮೊದಲು ಬಂದವರು ಲೆಕ್ಕವಿಲ್ಲದಷ್ಟು ಜನ.

"ಕಾಲು ಹೇಗಿದೆ?" ಎಂದಳು ಗೆರೆಯಾಚೆ ಕಾಯುತ್ತಿದ್ದ ಇಸೊಯೆ.

"ಹಸಿವಾಗ್ತಿದೆ."

ಇಬ್ಬರೂ ಕಡಲಪಾಚಿಯ ಬಿಸಿ ಸಾರು ಎರಡೆರಡು ಬಟ್ಟಲು ಕುಡಿದರು. ನಲವತ್ತೆರಡರವರು ಇನ್ನೂ ಬರುವುದಿತ್ತು. ಚಿಗುಸಾಳ ಎದೆಯಲ್ಲಿ ಒಂದು ಸಣ್ಣ ಮುಳ್ಳು ಚುಚ್ಚುತ್ತಿರಲಿಲ್ಲವೆಂದಲ್ಲ. ಆದರೂ ಅತ್ತೆಯ ಬಲಗಡೆ ನಿಂತು, ಕೊನೆಯವನು ಕುಂಟುತ್ತ ಬರುವವರೆಗೂ ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸಿದಳು.