ಲಕ್ಷ್ಮಿಗೂ ಒಂದು ಮಾಸ್ಕ್

ಒಂದಾನೊಂದು ಊರು. ಅದು ಹೊಗೆನಕಲ್ ದಾರಿಯಲ್ಲಿತ್ತು, ಈಗಲೂ ಇದೆ. ಅಲ್ಲಿ ಹೊಳೆಯಲ್ಲಿ ಪರಿಸಲು ಎಂಬ ಬುಟ್ಟಿಯಂಥ ಹರಿಗೋಲು ನಡೆಸುವ ತಿಮ್ಮಪ್ಪನಿಗೆ ಎಲ್ಲರ ಹಾಗೆ ಎರಡು ಕಿಡ್ನಿ. ಒಂದು ದಿನ ಎರಡೂ ಮಾತಾಡಿಕೊಂಡು ಕೆಲಸ ಬಿಟ್ಟವು. ಅಂದಿನಿಂದ ಅವನ ಹೊಟ್ಟೆಗಿಟ್ಟ ನಳಿಕೆಗೆ ಔಷಧಿನೀರಿನ ಚೀಲ ಜೋಡಿಸಿ, ಹಳೇ ನೀರು ಇಳಿಸಿ ಹೊಸದು ಏರಿಸಬೇಕು. ಅವನ ಕೈ ನಡುಗುತ್ತದೆ, ಹೆಂಡತಿ ಮುತ್ತಮ್ಮನ ಕಣ್ಣು ಮಂಜು. ಅದಕ್ಕೇ ಆಸ್ಪತ್ರೆಯವರು ಸೇಲಂನಿಂದ ನರ್ಸ್ ಕಳಿಸುತ್ತಾರೆ.

ನಿನ್ನೆ ಬಂದ ನರ್ಸ್ ಗೋಕುಲ್ ಮುತ್ತಮ್ಮನ ಜೊತೆ ಜಗಳವಾಡಿ, ಚೀಲ ಬಿಚ್ಚದೆಯೇ ಬಸ್ಸು ಹತ್ತಿದ್ದ. ಇವತ್ತು ಸುಪ್ರಜಾ ಬಂದಳು. "ಮಾಡಿಯೇ ಬರ್ತೀನಿ ಸಾರ್" ಎಂದು ಡಾಕ್ಟರಿಗೆ ಮಾತು ಕೊಟ್ಟಿದ್ದಳು. ತಿಮ್ಮಪ್ಪನ ಕಾಲುಗಳು ಊದಿ ಕಂಬವಾಗಿದ್ದವು. ಇವತ್ತೂ ತಪ್ಪಿದರೆ ಉಸಿರಿಗೇ ಕಷ್ಟ.

ಬಸ್ಸು ತಡವಾಗಿ ದೀಪ ಹಚ್ಚುವ ಹೊತ್ತಾಗಿತ್ತು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಬಾಗಿಲಿಗೆ ಕೈ ಹಾಕಿದಳೋ ಇಲ್ಲವೋ, ಮುತ್ತಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಈ ಒತ್ನಲ್ಲಿ ಬಾಗ್ಲು ಆಕಬ್ಯಾಡ ಕಣವ್ವ. ಲಕ್ಷ್ಮಿ ಬರೋ ಒತ್ತು."

"ಧೂಳು ಬಂದು ಸೋಂಕಾದ್ರೆ ಅಜ್ಜಿ? ಸ್ವಲ್ಪ ಹೊತ್ತು ಮಾತ್ರ."

"ಅಷ್ಟೊತ್ತೂ ಅವ್ಳು ಬೀದೀಲಿ ನಿಂತಿರ್ಬೇಕಾ? ನಿಮ್ ಸೇಲಂನಲ್ಲಿ ನೆಂಟ್ರನ್ನ ಇಂಗೇ ನೋಡ್ಕತೀರಾ?"

"ಸೀಕ್ರಂ, ಬೇಗ ಒಂದ್ ತೀರ್ಮಾನಕ್ಕೆ ಬನ್ನಿ," ಅಂದ ತಿಮ್ಮಪ್ಪ ಮಂಚದಿಂದ. "ಒಟ್ಟೆ ನಂದು."

ಸುಪ್ರಜಾ ಯೋಚಿಸಿದಳು. "ಹಾಗಾದ್ರೆ ಅವರನ್ನ ಮೊದಲೇ ಒಳಗೆ ಕರೆದುಬಿಡಿ. ಆಮೇಲೆ ಬಾಗಿಲು ಹಾಕೋಣ."

ಮುತ್ತಮ್ಮನಿಗೆ ಇದು ನ್ಯಾಯವೆನಿಸಿತು. ದೀಪ ಹಚ್ಚಿ, ಹೊಸ್ತಿಲಿಗೆ ನೀರು ಚಿಮುಕಿಸಿ, "ಬಾರವ್ವ, ತಲೆ ಬಗ್ಗಿಸ್ಕೊಂಡ್ ಬಾ, ಬಾಗ್ಲು ಕುಳ್ಳು" ಎಂದು ಕರೆದು, ಮಣೆ ಹಾಕಿ ಕೂರಿಸಿದಳು. ಬಾಗಿಲು ಮುಚ್ಚಿತು.

"ಒಳಗಿರೋರೆಲ್ಲ ಮಾಸ್ಕ್ ಹಾಕ್ಕೊಳ್ಳಿ."

ಮುತ್ತಮ್ಮ ಮಣೆ ನೋಡಿದಳು. "ಇವ್ಳಿಗೆ?"

ಸುಪ್ರಜಾ ಇನ್ನೊಂದು ಮಾಸ್ಕ್ ತೆಗೆದು ಮಣೆಯ ಮೇಲಿಟ್ಟಳು.

"ಕೈ ತೊಳೆದ್ಲಾ?" ತಿಮ್ಮಪ್ಪ ಕೇಳಿದ. "ಬೀದಿಯಿಂದ ಬಂದವ್ಳೆ."

ಮುತ್ತಮ್ಮ ಚೊಂಬು ತಂದು ಮಣೆಯ ಮುಂದೆ ನೀರು ಬಿಟ್ಟಳು. ಮತ್ತೆ ಬಿಟ್ಟಳು.

"ಸಾಕಲ್ವಾ ಅಜ್ಜಿ?"

"ನಾಕು ಕೈ ಐತೆ ಕಣವ್ವ."

ನೆಲ ಒರೆಸುವಷ್ಟರಲ್ಲಿ ಪಕ್ಕದ ಮನೆಯ ಗೋವಿಂದರಾಜು ಕದ ತಟ್ಟಿದ. "ಯಾಕಕ್ಕ, ಈಗ ಬಾಗ್ಲು ಆಕಿದ್ದೀಯ?"

"ಲಕ್ಷ್ಮಿ ಒಳಗವ್ಳೆ. ಆಮೇಲ್ ಬಾ."

ಗೋವಿಂದರಾಜು ಕದದ ಸಂದಿಗೆ ಬಾಯಿಟ್ಟ. "ನಮ್ಮನೆಗೆ ಎಷ್ಟೊತ್ಗೆ ಬತ್ತಾಳೆ, ಕೇಳಿ ಯೋಳು."

"ಚೀಲ ಖಾಲಿಯಾದ್ ಮೇಲೆ ಕಳಿಸ್ತೀನಿ."

ಸುಪ್ರಜಾ ಮತ್ತೆ ಕೈ ತೊಳೆದು, ಉಸಿರು ಬಿಗಿಹಿಡಿದು ನಳಿಕೆ ಜೋಡಿಸಿದಳು. ಹಳೇ ನೀರು ಕೆಳಗಿನ ಚೀಲಕ್ಕೆ ಇಳಿಯಿತು. ಆಮೇಲೆ, ಮೇಲೆ ತೂಗುಹಾಕಿದ ಹೊಸ ನೀರಿನ ಚೀಲ ಮೆಲ್ಲಗೆ ಸುಕ್ಕುಗಟ್ಟುತ್ತ ಬಂತು. ಕೊನೆಯ ನೀರೂ ಒಳಗೆ ಹೋದ ಮೇಲೆ ಅವಳು ಚೀಲ ಬಿಡಿಸಿ, ನಳಿಕೆಗೆ ಹೊಸ ಮುಚ್ಚಳ ತಿರುಗಿಸಿದಳು.