ಟ್ಯಾಂಕಿನಲ್ಲಿದ್ದ ಪೆಟ್ರೋಲ್ ಎಲ್ಲಿಗೆ ಹೋಯಿತು?

ಮೇಪಲ್ ಮರಗಳು ಬೋಳಾಗಿದ್ದವು. ಅಮೆರಿಕದ ಮೇನ್ ಸೀಮೆಯ ಆ ಊರಿನಲ್ಲಿ ಅಂಗಳದ ಎಲೆಯನ್ನೆಲ್ಲ ಊದಿ ರಸ್ತೆಯಂಚಿಗೆ ರಾಶಿ ಹಾಕಿದ ಮೇಲೆ ಮನೆಮನೆಯಲ್ಲೂ ಒಂದೇ ಪ್ರಶ್ನೆ ಏಳುತ್ತದೆ: ಎಲೆ ಊದುವ ಪೆಟ್ರೋಲ್ ಯಂತ್ರವನ್ನು ಚಳಿಗಾಲಕ್ಕೆ ಎಲ್ಲಿಡುವುದು? ಹಿತ್ತಲ ಶೆಡ್ಡಿನಲ್ಲಿ ಚಳಿ ಕೊರೆಯುತ್ತದೆ. ನೆಲಮಾಳಿಗೆ ಬೆಚ್ಚಗಿರುತ್ತದೆ.

ಕ್ಲೊಡೆಟ್‌ಳ ಗಂಡ ನಾರ್ಮಂಡ್‌ಗೆ ಈ ವಿಷಯದಲ್ಲಿ ಎರಡು ಮಾತಿರಲಿಲ್ಲ. ಅವನ ಅಪ್ಪ ಉತ್ತರದ ಕಡೆ ಆಲೂಗಡ್ಡೆ ಬೆಳೆದವನು. ಟ್ಯಾಂಕು ಬರಿದಾಗಿದ್ದರೆ ತುಕ್ಕು ಹಿಡಿಯುತ್ತದೆ ಎಂದು ಹಿಮ ಬೀಳುವ ಮೊದಲೇ ಟ್ರ್ಯಾಕ್ಟರಿಗೆ ಕುತ್ತಿಗೆವರೆಗೆ ಎಣ್ಣೆ ತುಂಬಿಸಿಡುತ್ತಿದ್ದ. ಮಗನೂ ಹಾಗೆಯೇ ಯಂತ್ರದ ಟ್ಯಾಂಕಿಗೆ ಆಯಿಲ್ ಬೆರೆಸಿದ ಪೆಟ್ರೋಲ್ ತುಂಬಿಸಿ, ನೆಲಮಾಳಿಗೆಗೆ ಹೊತ್ತೊಯ್ದು, ಹಿಮಕ್ಕೆ ಸಾಯದಿರಲೆಂದು ಕಿತ್ತು ತಂದಿಟ್ಟ ಡೇಲಿಯಾ ಹೂಗಿಡದ ಗೆಡ್ಡೆಗಳ ಪೆಟ್ಟಿಗೆಯ ಪಕ್ಕದಲ್ಲಿಟ್ಟ. ಆ ಡೇಲಿಯಾ ಅವನ ತಾಯಿಯದು. ಹೋದ ವರ್ಷ ತೀರಿಕೊಳ್ಳುವವರೆಗೂ ಆಕೆ ದಿನಕ್ಕೊಮ್ಮೆ ಕೆಳಗಿಳಿದು ಗೆಡ್ಡೆಗಳನ್ನು ಮುಟ್ಟಿ ನೋಡಿ ಬರುತ್ತಿದ್ದಳು.

ನಾಲ್ಕನೆಯ ದಿನ ಆಲೂಗಡ್ಡೆ ತರಲು ಹೋದ ಕ್ಲೊಡೆಟ್‌ಗೆ ಯಾರೋ ಉಸಿರುಬಿಟ್ಟ ಸದ್ದು ಕೇಳಿಸಿತು. ಸಣ್ಣಗೆ, ಉದ್ದಕ್ಕೆ ಬಂದು ನಿಂತುಹೋಯಿತು. ಅವಳು ತಿರುಗಿ ನೋಡಿದಳು. ನೀರು ಕಾಯಿಸುವ ಗ್ಯಾಸ್ ಬಾಯ್ಲರಿನ ಅಡಿಯಲ್ಲಿ ಸದಾ ಉರಿಯುವ ನೀಲಿ ಜ್ವಾಲೆ ಇತ್ತು, ಉಗುರಿನಷ್ಟು. ಬೇರೇನೂ ಇರಲಿಲ್ಲ.

ಮರುದಿನವೂ ಅದೇ ಉಸಿರು. ಎಲ್ಲಿಗೆ ಹೋದರೂ ಮುಂದೆ ಓಡುವ ನಾಯಿ ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಿತು. ಕಿವಿ ಹಿಂದಕ್ಕೆ ಮಡಚಿತ್ತು. ಕ್ಲೊಡೆಟ್ ನೆಟ್ಟಗೆ ನಿಂತಾಗ ಏನೂ ಇಲ್ಲ, ಪೆಟ್ಟಿಗೆಯ ಕಡೆ ಬಗ್ಗಿದರೆ ಸಿಹಿಯಂಥ ಒಂದು ಘಾಟು ಗಂಟಲಿಗೆ ಹತ್ತುತ್ತದೆ, ತಲೆ ತಿರುಗುತ್ತದೆ. ನೆಲದ ಮೇಲೆ ಯಾರೋ ಮೈಚಾಚಿ ಮಲಗಿದ್ದಾರೆ ಎನಿಸಿತು ಅವಳಿಗೆ.

ಗಂಡನಿಗೆ ಹೇಳಿದಳು. ಅವನು ನಕ್ಕ.

"ನಮ್ಮಮ್ಮ ಕಣೇ. ಗೆಡ್ಡೆ ಕೊಳೀತಾ ಇದೆಯಾ ಅಂತ ನೋಡೋಕೆ ಬಂದಿರ್ತಾಳೆ. ಬದುಕಿದ್ದಾಗಲೇ ಯಾರ ಮಾತೂ ಕೇಳ್ಲಿಲ್ಲ, ಈಗ ಕೇಳ್ತಾಳಾ?"

ಕ್ಲೊಡೆಟ್ ಅರ್ಧ ನಂಬಿದಳು. ಅತ್ತೆ ಅಂಥವಳೇ. ಆದರೆ ಶನಿವಾರ ಮಗಳು ಜನೆಲ್ ಎರಡು ತಿಂಗಳ ಕೂಸಿನೊಂದಿಗೆ ಬರುವವಳಿದ್ದಳು. ತೊಟ್ಟಿಲು ಇಟ್ಟಿದ್ದು ಬಾಯ್ಲರಿನ ನೇರ ಮೇಲಿನ ಕೋಣೆಯಲ್ಲಿ. ಮನೆಯಲ್ಲೆಲ್ಲ ಬೆಚ್ಚಗಿನ ಕೋಣೆ ಅದೇ. ತೊಟ್ಟಿಲಿಗೆ ಹಾಸಲು ತಂದ ಬಟ್ಟೆಯನ್ನು ಕೈಯಲ್ಲಿ ಹಿಡಿದು ಅವಳು ಸುಮಾರು ಹೊತ್ತು ನಿಂತಳು. ಹಾಸಲು ಮನಸ್ಸು ಬರಲಿಲ್ಲ. ಕೋಟು ಹಾಕಿಕೊಂಡು ರೋಸಲಿಯ ಬಳಿಗೆ ಹೋದಳು.

ರೋಸಲಿ ಬೀದಿಯ ತಿರುವಿನಲ್ಲಿ ಸಣ್ಣ ಇಂಜಿನ್‌ಗಳ ರಿಪೇರಿ ಅಂಗಡಿ ಇಟ್ಟವಳು. ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕಿ. ಉಸಿರು, ಘಾಟು, ಪೆಟ್ಟಿಗೆಯ ಪಕ್ಕದ ಯಂತ್ರ ಎಲ್ಲವನ್ನೂ ಕೇಳಿಸಿಕೊಂಡ ಅವಳು ನಗಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಆ ಉಸಿರು ಬಾಯ್ಲರ್ ಜೋರಾಗಿ ಉರಿದ ಮೇಲೆ ಬರುತ್ತಾ?"

ಹೌದು ಎಂದಳು ಕ್ಲೊಡೆಟ್. ರೋಸಲಿ ಆಗಲೇ ದಳಕ್ಕೆ ಫೋನು ಮಾಡುತ್ತಿದ್ದಳು. ಮನೆಗೆ ಬಂದವಳೇ ನಾರ್ಮಂಡ್‌ನನ್ನೂ ನಾಯಿಯನ್ನೂ ಹೊರಗೆ ಕರೆದಳು. ದೀಪದ ಸ್ವಿಚ್ ಕೂಡ ಮುಟ್ಟಬೇಡಿ ಎಂದಳು. ಹೊರಗಿನ ಸಿಲಿಂಡರಿನಲ್ಲೇ ಗ್ಯಾಸ್ ನಿಲ್ಲಿಸಿದಳು. ದಳದವರು ಬಂದು ಹಿತ್ತಲ ಕಡೆಯಿಂದ ನೆಲಮಾಳಿಗೆಯ ಬಾಗಿಲು ತೆರೆದು, ಗಾಳಿಯಲ್ಲಿ ಹೊತ್ತಿಕೊಳ್ಳುವ ಆವಿ ಇದೆಯೇ ಎಂದು ಅಳೆಯುವ ಮೀಟರ್ ಹಿಡಿದು ಇಳಿದರು. ಎದೆಯೆತ್ತರದಲ್ಲಿ ಮೀಟರ್ ಸುಮ್ಮನಿತ್ತು. ನೆಲಕ್ಕೆ ಇಳಿಸಿದೊಡನೆ ಕಿರುಚತೊಡಗಿತು.

ಗಾಳಿಯಾಡಲು ಒಂದು ಗಂಟೆ ಬಿಟ್ಟು ಯಂತ್ರವನ್ನು ಹುಲ್ಲಿನ ಮೇಲೆ ತಂದಿಟ್ಟರು. ಎಲೆ ಊದುವ ಯಂತ್ರಕ್ಕೆ ಊರನ್ನೇ ಕೂಡಿಸಬೇಕಿತ್ತೇ ಎಂದು ನಾರ್ಮಂಡ್ ಗೊಣಗುತ್ತಲೇ ಇದ್ದ.

"ಟ್ಯಾಂಕ್ ಎಷ್ಟು ತುಂಬಿಸಿದ್ದೆ?" ರೋಸಲಿ ಕೇಳಿದಳು.

"ಕುತ್ತಿಗೆವರೆಗೆ. ನಮ್ಮಪ್ಪ ಮಾಡ್ತಿದ್ದ ಹಾಗೆ."

ಅವಳು ಮಬ್ಬು ಪ್ಲಾಸ್ಟಿಕ್ಕಿನ ಆ ಟ್ಯಾಂಕನ್ನು ಬೆಳಕಿಗೆ ಹಿಡಿದಳು. ಪೆಟ್ರೋಲ್ ಅರ್ಧಕ್ಕಿಂತ ಕೆಳಗಿತ್ತು.

"ಕೆಳಗೆ ನೆಲ ಒಣಗಿದೆ. ಉಳಿದದ್ದು ಎಲ್ಲಿಗೆ ಹೋಯ್ತು, ನಾರ್ಮಂಡ್?"

ಅವನು ತೆರೆದ ನೆಲಮಾಳಿಗೆಯ ಕತ್ತಲನ್ನು ನೋಡಿದ. ಆಮೇಲೆ ಅದರ ಮೇಲಿನ ಕೋಣೆಯ ಕಿಟಕಿಯನ್ನು ನೋಡಿದ.

ರೋಸಲಿ ತೋರಿಸುತ್ತಾ ಹೋದಳು. ಪೆಟ್ರೋಲ್ ಕೊಳವೆಯನ್ನು ಆರು ವರ್ಷದಿಂದ ಯಾರೂ ನೋಡಿರಲಿಲ್ಲ. ಚಳಿಗೆ ಒಡೆದ ಹಿಮ್ಮಡಿಯಂತೆ ಬಿರುಕು ಬಿಟ್ಟಿತ್ತು. ಅದರಿಂದ ಹನಿಹನಿಯಾಗಿ ಜಿನುಗಿ, ಜಿನುಗಿದ್ದೆಲ್ಲ ಆವಿಯಾಗಿತ್ತು. ಬಾಯ್ಲರ್ ಉರಿದಾಗ ಟ್ಯಾಂಕು ಬಿಸಿಯಾಗಿ, ಒಳಗಿನ ಆವಿ ಉಬ್ಬಿ ಮುಚ್ಚಳದ ಸಂದಿಯಿಂದ ಹೊರಬೀಳುತ್ತಿತ್ತು. ಕ್ಲೊಡೆಟ್ ಕೇಳಿದ ಉಸಿರು ಅದು.

"ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೇಳಲ್ಲ, ನೆಲದ ಮೇಲೇ ತೆವಳುತ್ತೆ. ಬೆಂಕಿ ಅದರ ಹತ್ರ ಹೋಗ್ಬೇಕಾಗಿಲ್ಲ. ಅದೇ ಬೆಂಕಿ ಹತ್ರ ಹೋಗುತ್ತೆ."

"ಎಷ್ಟು ದೂರ ಹೋಗಿತ್ತು?" ನಾರ್ಮಂಡ್‌ನ ದನಿ ಇಳಿದಿತ್ತು.

"ಪೆಟ್ಟಿಗೆಯಿಂದ ಬಾಯ್ಲರಿಗೆ ನಾಲ್ಕು ಹೆಜ್ಜೆ. ಮೂರನೇ ಹೆಜ್ಜೆವರೆಗೂ ಮೀಟರ್ ಕಿರುಚ್ತಾನೇ ಇತ್ತು."

ನಾರ್ಮಂಡ್, ಹಾಗಾದರೆ ಅಪ್ಪ ಹೇಳಿದ್ದು ಸುಳ್ಳೇ ಎಂದು ಕೇಳಿದ.

"ಸುಳ್ಳಲ್ಲ. ಅವರ ಟ್ಯಾಂಕು ಕಬ್ಬಿಣದ್ದು, ಟ್ರ್ಯಾಕ್ಟರ್ ನಿಂತಿದ್ದು ಮನೆಯಿಂದಾಚೆ. ನಿನ್ನದು ಪ್ಲಾಸ್ಟಿಕ್. ಇದಕ್ಕೆಲ್ಲಿಯ ತುಕ್ಕು, ಮಾರಾಯ?"

ಆ ಮಧ್ಯಾಹ್ನ ರೋಸಲಿ ತಾನು ಕೈಕಟ್ಟಿ ನಿಂತು ಎಲ್ಲವನ್ನೂ ಅವನಿಂದಲೇ ಮಾಡಿಸಿದಳು. ಟ್ಯಾಂಕಿನಲ್ಲಿದ್ದದ್ದನ್ನು ಪೆಟ್ರೋಲಿಗೆಂದೇ ಇರುವ ಕೆಂಪು ಡಬ್ಬಿಗೆ ಸುರಿದ. ಕೊಳವೆ ಬದಲಿಸಿದ. ಬಯಲಿನಲ್ಲಿ ಆಯಿಲ್ ಬೆರೆಸಿದ ತಾಜಾ ಪೆಟ್ರೋಲ್ ಚೂರೇ ಹಾಕಿ, ತಾನಾಗಿ ನಿಲ್ಲುವವರೆಗೆ ಇಂಜಿನ್ ಓಡಿಸಿದ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಉಳಿದು ಅಂಟಾದರೆ ವಸಂತದಲ್ಲಿ ಯಂತ್ರ ಏಳುವುದಿಲ್ಲ. ಮುಚ್ಚಿದ ಗ್ಯಾರೇಜಿನಲ್ಲಿ ಓಡಿಸಿದರೆ ಹೊಗೆಯೇ ಆಳನ್ನು ಕೊಲ್ಲುತ್ತದೆ. ಇಂಜಿನ್ ಆರಿದ ಮೇಲೆ ಏರ್ ಫಿಲ್ಟರ್ ತೊಳೆದು ಒಣಗಿಸಿದ, ಸ್ಪಾರ್ಕ್ ಪ್ಲಗ್ಗಿನ ಮಸಿ ಒರೆಸಿದ, ಸೈಲೆನ್ಸರಿನ ಸುತ್ತ ಸಿಕ್ಕಿಕೊಂಡಿದ್ದ ಒಣ ಎಲೆಗಳನ್ನು ಕಿತ್ತ. ಬರಿದಾದ ಯಂತ್ರ ಹಿತ್ತಲ ಶೆಡ್ಡಿನ ಮೊಳೆಗೆ ಏರಿತು. ಬರಿದಾದ ಇಂಜಿನ್‌ಗೆ ಚಳಿ ಏನೂ ಮಾಡುವುದಿಲ್ಲ. ಹಳೆಯ ಪೆಟ್ರೋಲನ್ನು ಮೋರಿಗೂ ಮಣ್ಣಿಗೂ ಸುರಿಯದೆ, ಊರಿನವರು ಅಪಾಯದ ಕಸ ಕೂಡಿಸುವ ಕಡೆಗೆ ಒಪ್ಪಿಸಿದ.

ಮನೆಗೆ ಬರುವ ದಾರಿಯಲ್ಲಿ ಅಕ್ಕಪಕ್ಕದ ಮೂರು ಮನೆಗಳ ಬಾಗಿಲು ತಟ್ಟಿ, ನಿಮ್ಮ ಯಂತ್ರ ಎಲ್ಲಿದೆ ಎಂದು ಕೇಳಿದ. ಎರಡು ಮನೆಗಳಲ್ಲಿ ಅದು ನೆಲಮಾಳಿಗೆಯಲ್ಲೇ ಇತ್ತು.

ಶನಿವಾರ ಕ್ಲೊಡೆಟ್ ತೊಟ್ಟಿಲಿಗೆ ಬಟ್ಟೆ ಹಾಸಿದಳು.

ಓದುತ್ತಿರುವವರಲ್ಲಿ ಒಂದು ಬೇಡಿಕೆ. ಎಲ್ಲ ಯಂತ್ರವೂ ಸೋರುತ್ತದೆಂದು ನಾವು ಹೇಳುತ್ತಿಲ್ಲ. ನಿಮ್ಮ ಯಂತ್ರದ ಜೊತೆ ಬಂದ ಪುಸ್ತಕ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಆದರೆ ಪೆಟ್ರೋಲ್ ಇರುವ ಯಂತ್ರವನ್ನಾಗಲಿ ಡಬ್ಬಿಯನ್ನಾಗಲಿ ಜ್ವಾಲೆಯಿರುವ ಮನೆಯೊಳಗೆ ಇಡಬೇಡಿ. ಈಗಾಗಲೇ ಘಾಟು ಬರುತ್ತಿದ್ದರೆ ಹುಡುಕಲು ಹೋಗಬೇಡಿ, ಸ್ವಿಚ್ ಒತ್ತಬೇಡಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಫೋನು ಮಾಡಿ. ಘಾಟು ಇಲ್ಲದಿದ್ದರೆ, ಮೇಲಿನ ಕೋಣೆಯಲ್ಲಿ ಮಲಗುವವರು ಯಾರೆಂದು ಒಮ್ಮೆ ನೆನೆದು, ಆ ಯಂತ್ರವನ್ನು ಇವತ್ತೇ, ಬೆಳಕಿರುವಾಗಲೇ, ಹೊರಗೆ ತನ್ನಿ.